ಅಗುಳಿ ಹಾಡು ಯಾರದ್ದು

ಹೋದ ತಿಂಗಳು ಮಸ್ಕತ್ತಿನ ಖುರುಮ್‌ನ ಹೋಟೆಲೊಂದರಲ್ಲಿ ನಮ್ಮ ಕಡೆಯವರದ್ದೊಂದು ಮದುವೆಯ ರಿಸೆಪ್ಶನ್ ಇತ್ತು. ನಾನು ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಡಿಜೆ ಹುಡುಗ ಒಂದು ಹಾಡು ಹಾಕಿದ. ಮೊದಲು ಎದೆಗೆ ಗುದ್ದುವಂಥ ಧಡ್ ಧಡ್ ಶಬ್ದ, ಅದರ ಮೇಲೆ ಯಾವುದೋ ಹುಡುಗಿಯ ತೆಳ್ಳಗಿನ ಸ್ವರ.

ಅಗುಳಿ ಹಾಕಲಿಲ್ಲ ಬಾಗಿಲಿಗೆ, ಬಾರಯ್ಯ
ಗಾಳಿಯೂ ತಳ್ಳೀತು, ನೀ ತಳ್ಳಬಾರದೇ

ಮಕ್ಕಳು ಮುದುಕರೆನ್ನದೆ ಎಲ್ಲರೂ ಎದ್ದರು. ಮದುಮಗನ ಗೆಳೆಯನೊಬ್ಬ ಬಾಗಿಲು ತಳ್ಳುವುದನ್ನು ಸೊಂಟದಲ್ಲಿ ಮಾಡಿ ತೋರಿಸಿದ, ಎಲ್ಲರೂ ಹೋ ಎಂದು ಕಿರುಚಿದರು. ನಾನು ತಟ್ಟೆಯನ್ನು ಅಲ್ಲೇ ಇಟ್ಟು ಡಿಜೆಯ ಹತ್ತಿರ ಹೋಗಿ, ಇದು ಯಾರ ಹಾಡು ಅಂತ ಗೊತ್ತುಂಟಾ ಎಂದು ಕೇಳಿದೆ.

"ಇದು ಫೋಕ್, ಆಂಟಿ. ತುಂಬಾ ಹಳೇದು. ಯಾರದ್ದೂ ಅಲ್ಲ."

ಯಾರದ್ದೂ ಅಲ್ಲವಂತೆ! ಅಲ್ಲೇ ಅವನ ಕಿವಿ ಹಿಂಡುವಷ್ಟು ಸಿಟ್ಟು ಬಂತು. ನನ್ನ ಗಂಡ ಬಂದು ತೋಳು ಹಿಡಿದು, "ಬಿಡು ಮಾರಾಯ್ತಿ, ಮದುವೆ ಮನೆ ಇದು, ಬಾ ಊಟ ಮಾಡು" ಎಂದರು. ಬಿಟ್ಟೆ. ಮನೆಗೆ ಬಂದು ಮಲಗಿದರೂ ಸಿಟ್ಟು ಇಳಿಯಲಿಲ್ಲ, ಬೆಳಗ್ಗೆ ಚಹಾ ಕುಡಿಯುವಾಗಲೂ ಇತ್ತು. ಬಾಯಲ್ಲಿ ಹೇಳಿದರೆ ಯಾರೂ ಪೂರ್ತಿ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಹಾಡಿನ ಚರಿತ್ರೆಯನ್ನು ನಮ್ಮ ಮನೆಯ ಚರಿತ್ರೆಯಿಂದ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಅಪ್ಪನ ಊರು ಮೂಲ್ಕಿಯ ಹತ್ತಿರ. ಅಲ್ಲಿನ ಯುವಕ ಮಂಡಲದವರು ವರ್ಷಕ್ಕೊಂದು ಕನ್ನಡ ನಾಟಕ ಆಡುತ್ತಿದ್ದರು. ಒಂದು ವರ್ಷ ಶಾಲೆಯ ಮೇಷ್ಟ್ರು ತಾವೇ ನಾಟಕ ಬರೆದರು. ಹಾಯಿಹಡಗಿನಲ್ಲಿ ಹೆಂಚು ಹೇರಿಕೊಂಡು ಮಸ್ಕತ್ತಿಗೆ ಹೋದ ಗಂಡ ಖರ್ಜೂರ ತುಂಬಿಕೊಂಡು ವಾಪಸು ಬರಬೇಕು, ಬರುವುದಿಲ್ಲ. ಹೆಂಡತಿ ಸರಸು ಕಾಯುತ್ತಾಳೆ. ಅವನು ಸತ್ತ ಎಂದು ಮನೆಯವರೆಲ್ಲ ತೀರ್ಮಾನ ಮಾಡಿದ ದಿನ ಅವಳು ಬಾಗಿಲಿನ ಅಗುಳಿಯನ್ನು ಕಿತ್ತು ಬಾವಿಗೆ ಎಸೆದು ಈ ಹಾಡು ಹೇಳುತ್ತಾಳೆ. ಸೊಂಟ ಕುಣಿಸಲಿಕ್ಕೆ ಇದರಲ್ಲಿ ಎಂತ ಉಂಟು, ನೀವೇ ಹೇಳಿ. ಮೇಷ್ಟ್ರಿಗೆ ಪದ ಬಂತು, ರಾಗ ಬರಲಿಲ್ಲ. ಭಜನಾ ಮಂದಿರದಲ್ಲಿ ಹಾಡುತ್ತಿದ್ದ ಸುಗಂಧಿ ಎಂಬ ಹುಡುಗಿಯನ್ನು ಕರೆಸಿದರು. ಅವಳು ತನ್ನ ಅಜ್ಜಿ ಅಕ್ಕಿ ಕುಟ್ಟುವಾಗ ಗುನುಗುತ್ತಿದ್ದ ಧಾಟಿಯನ್ನು ಹಿಡಿದು, ಅದನ್ನು ಇನ್ನಷ್ಟು ನಿಧಾನ ಮಾಡಿ, 'ಬಾರಯ್ಯ' ಎನ್ನುವಲ್ಲಿ ಸ್ವರವನ್ನು ಮೇಲಕ್ಕೆ ಎತ್ತಿ ಅಲ್ಲೇ ನಿಲ್ಲಿಸಿದಳು. ಆ ಸುಗಂಧಿಯೇ ನನ್ನ ಅಮ್ಮ.

ಮರ್ಯಾದಸ್ಥರ ಮನೆಯ ಹುಡುಗಿಯರು ರಂಗದ ಮೇಲೆ ಬರಬಾರದು ಎಂಬ ಕಾಲ. ಆದ್ದರಿಂದ ಸರಸುವಿನ ಸೀರೆ ಉಟ್ಟವರು ವಾಮನ ಎಂಬ ಹುಡುಗ, ಅಂದರೆ ನನ್ನ ಅಪ್ಪ. ಸಣ್ಣ ಸೊಂಟ, ದೊಡ್ಡ ಕಣ್ಣು, ನಡಿಗೆಯಲ್ಲಿ ಹೆಂಗಸರೇ ನಾಚಬೇಕು. ಅಪ್ಪ ಎದುರಿಗೆ ಬಾಯಿ ಆಡಿಸುವುದು, ಅಮ್ಮ ಪರದೆಯ ಹಿಂದೆ ಮೈಕಿನ ಮುಂದೆ ಕೂತು ಹಾಡುವುದು. ಇಡೀ ಊರಿಗೇ ಅದು ಗೊತ್ತಿತ್ತು. ನಾಟಕ ಮುಗಿದ ಮೇಲೆ ಮೇಷ್ಟ್ರು ಮೈಕ್ ಹಿಡಿದು, ಪಾತ್ರ ವಾಮನನದು, ಸ್ವರ ಸುಗಂಧಿಯದು ಎಂದು ಹೇಳಿಯೇ ಮಂಗಳ ಹಾಡುತ್ತಿದ್ದರು. ಬಾಯಿ ಆಡಿಸುವುದೂ ಸುಲಭದ್ದಲ್ಲ. ಹಾಡುವವಳು ಕಾಣುವುದಿಲ್ಲ, ಅವಳು ಎಲ್ಲಿ ಉಸಿರು ತೆಗೆಯುತ್ತಾಳೆ ಎಂಬುದು ಬಾಯಿ ಆಡಿಸುವವನಿಗೆ ಮೊದಲೇ ತಿಳಿದಿರಬೇಕು. "ಇವಳ ಉಸಿರು ನನಗೆ ಬಾಯಿಪಾಠ ಆಯ್ತು, ಮತ್ತೆ ಮದುವೆ ಆಗದೆ ಬೇರೆ ದಾರಿ ಇರ್ಲಿಲ್ಲ" ಎಂದು ಅಪ್ಪ ನೆಂಟರ ಮುಂದೆ ಹೇಳುತ್ತಿದ್ದರು. ಆಗೆಲ್ಲ ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು.

ಮದುವೆಯಾಗಿ ಅವರು ಬಂದದ್ದು ಆ ಹಾಡಿನೊಳಗಿನ ಗಂಡ ಹೋದ ದೇಶಕ್ಕೇ. ಮೊದಲು ಒಮಾನಿನ ಒಳನಾಡಿನ ಇಬ್ರಾದಲ್ಲಿ. ಅಪ್ಪ ಅಲ್ಲಿ ಕಟ್ಟಡದ ಸಾಮಾನಿನ ಅಂಗಡಿಯೊಂದರ ಲೆಕ್ಕ ನೋಡುತ್ತಿದ್ದರು. ನನ್ನ ನೆನಪು ಶುರುವಾಗುವುದು ಇಬ್ರಾದ ಆ ಮನೆಯಲ್ಲಿ. ದಪ್ಪ ಗೋಡೆ, ಒಳಗೊಂದು ಅಂಗಳ, ಅಂಗಳದಲ್ಲಿ ಒಂದು ನಿಂಬೆ ಗಿಡ. ಅಡುಗೆಮನೆಯ ನೆಲದ ಮೇಲೆ ಕೂತು ಅಮ್ಮ ಕಾಯಿ ತುರಿಯುತ್ತ ಗಂಟಲು ಬಿಟ್ಟು ಹಾಡುತ್ತಿದ್ದಳು. ಸುತ್ತ ಕನ್ನಡದವರು ಯಾರೂ ಇಲ್ಲ, ಸಂಕೋಚವೂ ಇಲ್ಲ. ಅಪ್ಪ ಕೆಲಸದಿಂದ ಬಂದು ಹಾಲಿನ ಪುಡಿಯ ಡಬ್ಬಿಯ ಮೇಲೆ ತಾಳ ಹಾಕುತ್ತಿದ್ದರು. ಅಪ್ಪನ ಮಾತು ತುಳು, ಅಮ್ಮನದು ಕನ್ನಡ. ಮನೆಯಲ್ಲಿ ಅಮ್ಮನ ಮಾತೇ ನಡೆಯುತ್ತಿತ್ತು, ಆ ಒಂದು ವಿಷಯದಲ್ಲಿ. ಪಕ್ಕದ ಮನೆಯ ಒಮಾನಿ ಅಜ್ಜಿ ಹಾಡು ಕೇಳಿ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದಳು, ಹೋಗುವಾಗ ಹಲ್ವಾ ಕೊಟ್ಟು ಹೋಗುತ್ತಿದ್ದಳು. ನಾವು ಸುಖವಾಗಿದ್ದದ್ದು ಅಲ್ಲಿ ಎಂದು ಹೇಳಲು ನನಗೆ ಏನೂ ಅನುಮಾನವಿಲ್ಲ.

ನಾನು ಶಾಲೆಗೆ ಸೇರುವ ಹೊತ್ತಿಗೆ ಅಪ್ಪನಿಗೆ ಮಸ್ಕತ್ತಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಬೌಷರ್‌ಗೆ ಬಂದೆವು. ಎರಡನೇ ಮಾಳಿಗೆಯ ಫ್ಲ್ಯಾಟು. ಹಾಲಿನಲ್ಲಿ ನೆಲದ ಅಗಲಕ್ಕೂ ಕಂದು ಬಣ್ಣದ ಕಾರ್ಪೆಟ್, ಕಿಟಕಿಯಲ್ಲಿ ಗುಡುಗುಡು ಮಾಡುವ ಏಸಿ, ಅದರ ನೀರಿಗೆ ಕೆಳಗೊಂದು ಬಕೆಟ್. ಗೋಡೆ ಎಷ್ಟು ತೆಳುವೆಂದರೆ ಪಕ್ಕದವರು ಕೆಮ್ಮಿದರೆ ನಮಗೆ ಕೇಳುತ್ತಿತ್ತು. ಅಲ್ಲಿಗೆ ಬಂದ ಮೇಲೆ ನಮ್ಮ ಊರ ಕಡೆಯವರು ಸಿಕ್ಕಿದರು, ಸಂಘ ಸಿಕ್ಕಿತು, ವಾರ್ಷಿಕೋತ್ಸವ ಬಂತು. ಅಪ್ಪ ಸರಸುವಿನ ಒಂದು ದೃಶ್ಯ ಆಡುತ್ತೇನೆ ಎಂದರು. ಅಮ್ಮ ಎಂದಿನಂತೆ ಪರದೆಯ ಹಿಂದೆ ಕೂತಳು. ಕಾರ್ಮಿಕರ ಕ್ಯಾಂಪುಗಳಿಂದ ಬಸ್ಸಿನಲ್ಲಿ ಬಂದಿದ್ದ ಒಂಟಿ ಗಂಡಸರೇ ಆ ಸಭೆಯಲ್ಲಿ ಹೆಚ್ಚು. ಮಸ್ಕತ್ತಿಗೆ ಹೋದವನನ್ನು ಊರಲ್ಲಿ ಒಬ್ಬಳು ಬಾ ಎಂದು ಕರೆಯುತ್ತಿದ್ದಾಳೆ, ಕರೆ ಕೇಳಿಸಿಕೊಳ್ಳುತ್ತ ಕೂತವರು ಮಸ್ಕತ್ತಿಗೆ ಬಂದವರೇ. ದೊಡ್ಡ ದೊಡ್ಡ ಮೀಸೆಯವರು ಕರ್ಚೀಫು ತೆಗೆದು ಕಣ್ಣು ಒರೆಸಿಕೊಂಡರು. ಹಾಡು ಮುಗಿದದ್ದೇ ನಿರೂಪಕ ಓಡಿ ಬಂದು ಅಪ್ಪನ ಕೈ ಹಿಡಿದು ಮೇಲೆತ್ತಿ ಕೂಗಿದ.

"ನೋಡಿದ್ರಾ ನಮ್ಮ ವಾಮನಣ್ಣನ ಕಂಠ! ಗಂಡಸಿನ ಗಂಟಲಿಂದ ಇಂಥಾ ಸ್ವರ ಎಲ್ಲಾದ್ರೂ ಕೇಳಿದ್ರಾ?"

ಆ ಬಡಪಾಯಿಗೆ ಪರದೆಯ ಹಿಂದೆ ಹಾಡುವ ನಮ್ಮ ಊರಿನ ಪದ್ಧತಿ ಗೊತ್ತಿರಲಿಲ್ಲ. ಅಪ್ಪ ಬಾಯಿ ತೆರೆದರು. ಚಪ್ಪಾಳೆ ನಿಲ್ಲಲಿಲ್ಲ, ಅಪ್ಪ ಬಾಯಿ ಮುಚ್ಚಿ ಕೈ ಮುಗಿದರು. ಅಷ್ಟೇ ನಡೆದದ್ದು. ಮನೆಗೆ ಬಂದು ಅದನ್ನು ಹೇಳಿ ಹೇಳಿ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಅಮ್ಮನೂ ನಕ್ಕಳು, ನಾನು ನೋಡಿದ್ದೇನೆ. ಮುಂದಿನ ಸಲ ಹೇಳಿಬಿಡಿ ಎಂದಳು. ಆಯ್ತು ಎಂದರು ಅಪ್ಪ.

ಮುಂದಿನ ಸಲ ಹೇಳಲಿಲ್ಲ. ಅದರ ಮುಂದಿನ ಸಲ ಹೇಳುವ ಹಾಗೆಯೇ ಇರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅಪ್ಪ 'ಹೆಣ್ಣುಕಂಠದ ವಾಮನಣ್ಣ' ಆಗಿದ್ದರು. ಸಲಾಲದಿಂದ, ದುಬೈಯಿಂದ ಕರೆ ಬರುತ್ತಿತ್ತು. ಕಚೇರಿಯಲ್ಲಿ ದಿನವಿಡೀ ಮುದೀರ್‌ನ, ಅಂದರೆ ಮ್ಯಾನೇಜರನ ಮುಂದೆ ಯೆಸ್ ಸರ್ ಎನ್ನುತ್ತಿದ್ದ ಮನುಷ್ಯನಿಗೆ ಅದೊಂದು ಹೆಸರು ಸಿಕ್ಕಿತ್ತು. ಯಾರದ್ದಾದರೂ ಮನೆಗೆ ಊಟಕ್ಕೆ ಹೋದರೆ "ವಾಮನಣ್ಣ, ಎರಡು ಸಾಲು" ಎಂದು ಒತ್ತಾಯ ಶುರುವಾಗುತ್ತಿತ್ತು. ಅಪ್ಪ ನಗುತ್ತ, "ಸೀರೆ ಉಡದೆ ನನಗೆ ಸ್ವರವೇ ಬರುದಿಲ್ಲ ಮಾರಾಯ್ರೆ" ಎನ್ನುತ್ತಿದ್ದರು. ದೊಡ್ಡ ಕಲಾವಿದರ ಶಾಸ್ತ್ರ ಎಂದುಕೊಂಡು ಎಲ್ಲ ತಲೆದೂಗುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ ಉಳಿದ ಹೆಂಗಸರ ಜೊತೆ ತಟ್ಟೆ ಒರೆಸುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಅವಳು ಮನೆಯಲ್ಲಿ ಹಾಡುವುದನ್ನು ನಿಲ್ಲಿಸಿದಳು. ಅಭ್ಯಾಸ ಮಾಡಬೇಕಾದಾಗ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಹಾಡುತ್ತಿದ್ದಳು. ಪಕ್ಕದವರಿಗೆ ಕೇಳಬಾರದಲ್ಲ!

ಕಾರ್ಯಕ್ರಮ ಹತ್ತಿರ ಬಂದರೆ ಮನೆಯಲ್ಲಿ ಮೌನವ್ರತ. ಗಂಟಲಿಗೆ ವಿಶ್ರಾಂತಿ ಬೇಕೆಂದು ಅಪ್ಪ ಅಮ್ಮನಿಗೆ ಮಾತಾಡುವುದನ್ನೇ ನಿಷೇಧಿಸುತ್ತಿದ್ದರು. ಮೊಸರು, ಹುಳಿ, ತಣ್ಣಗಿನದು ಎಲ್ಲ ಬಂದ್. ಕರಿಮೆಣಸಿನ ಕಷಾಯ ಮಾಡಿ ಅವರೇ ಕುಡಿಸುತ್ತಿದ್ದರು, ಪ್ರೀತಿಯಿಂದಲೇ. ಅಮ್ಮನಿಗೆ ನನ್ನನ್ನು ಕರೆಯಬೇಕಾದರೆ ಪಾತ್ರೆಯ ಮೇಲೆ ಸೌಟಿನಿಂದ ಬಡಿಯುತ್ತಿದ್ದಳು. ಒಂದು ಬಡಿತಕ್ಕೆ ಊಟ, ಜೋರಾಗಿ ಬಡಿದರೆ ಹೋಂವರ್ಕ್. ಹಬ್ಬದ ದಿನವೂ ಹಾಗೇ. ಅಂಜಲ್ ಮೀನಿನ ಸಾರು, ಕುಚ್ಚಲಕ್ಕಿ ಅನ್ನ ಎದುರಿಗಿಟ್ಟುಕೊಂಡು ಮೂವರು ಕೂತರೆ ಮಾತು ಅಪ್ಪನದು ಮಾತ್ರ. ಯಾವ ಸ್ಟೇಜು, ಯಾರು ಬರುತ್ತಾರೆ, ಯಾರು ಸನ್ಮಾನ ಮಾಡುತ್ತಾರೆ. ಅಮ್ಮನ ಮುಖ ನೋಡಿಯೇ ಅವಳ ಮನಸ್ಸಿನಲ್ಲಿ ಏನುಂಟೆಂದು ತಿಳಿಯುವುದನ್ನು ನಾನು ಆ ಊಟದ ಹೊತ್ತಿನಲ್ಲಿ ಕಲಿತೆ. ಇವತ್ತಿಗೂ ಯಾರಾದರೂ "ನಿನ್ನ ಪರವಾಗಿ ನಾನು ಹೇಳ್ತೇನೆ ಬಿಡು" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾರ್ಯಕ್ರಮದ ದಿನ ಬೆಳಗ್ಗೆ ಅಮ್ಮ ತನ್ನದೇ ಸೀರೆಯನ್ನು ಅಪ್ಪನಿಗೆ ಉಡಿಸುತ್ತಿದ್ದಳು. ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಮೊಣಕಾಲೂರಿ, ನೆರಿಗೆ ಹಿಡಿಯುತ್ತಿದ್ದಳು. ಅಪ್ಪನಿಗೆ ಆ ಸೀರೆ ಅವಳಿಗಿಂತ ಚೆನ್ನಾಗಿ ಕಾಣುತ್ತಿತ್ತು. ಅದನ್ನು ಅಪ್ಪ ಹೇಳಿಯೂ ಹೇಳುತ್ತಿದ್ದರು.

ಈ ಗುಟ್ಟು ಗೊತ್ತಿದ್ದದ್ದು ಹೊರಗಿನವರಲ್ಲಿ ಒಬ್ಬರಿಗೆ, ಕೀಬೋರ್ಡ್ ನುಡಿಸುವ ಲ್ಯಾನ್ಸಿ ಅಂಕಲ್‌ಗೆ. ಮಂಗಳೂರಿನ ಕೊಂಕಣಿಯವರು, ಖುರುಮ್‌ನ ಹೋಟೆಲಿನಲ್ಲಿ ಕೆಲಸ. ಹಾಡಿನ ತಾಳ ಓಡಿಸಿದ್ದು ಅವರೇ. ಒಂದು ವರ್ಷ ಅವರು ಹೊಸ ಕೀಬೋರ್ಡ್ ತಂದು, "ವಾಮನಣ್ಣ, ಜನರಿಗೆ ಅಳುದು ಸಾಕಾಗಿದೆ, ಸ್ವಲ್ಪ ಬೀಟ್ ಹಾಕುವ" ಎಂದರು. ಅಪ್ಪನಿಗೆ ಕುಣಿಯಲು ಸಿಕ್ಕಿತು. ಜನ ಶಿಳ್ಳೆ ಹಾಕಿದರು. 'ನೀ ತಳ್ಳಬಾರದೇ' ಎಂಬಲ್ಲಿ ಅಪ್ಪ ಕಣ್ಣು ಹೊಡೆದರೆ ಸಭೆ ಹುಚ್ಚೇಳುತ್ತಿತ್ತು. ಸತ್ತವನನ್ನು ಕರೆಯುವ ಹಾಡು ಹೀಗೆ ಬೌಷರ್‌ನ ನಮ್ಮ ಹಾಲಿನಲ್ಲಿ ಕುಣಿತದ ಹಾಡಾಯಿತು. ಅಮ್ಮ ಒಂದೇ ಒಂದು ಸಲ ಕೇಳಿದಳು.

"ಇಷ್ಟು ಅವಸರದಲ್ಲಿ ಕರೆದ್ರೆ ಅವನು ಹೇಗೆ ಬರುದು ಲ್ಯಾನ್ಸಿ?"

"ಅಕ್ಕ, ಅವನು ಹೇಗೂ ಬರುದಿಲ್ಲ, ಖಲಾಸ್. ಬಂದವರಾದ್ರೂ ಖುಷಿ ಪಡ್ಲಿ."

ಅಮ್ಮ ಓಡುವ ತಾಳಕ್ಕೇ ಹಾಡಿದಳು. ಆಮೇಲೆ ಅವಳ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಥೈರಾಯ್ಡ್ ಎಂದರು. ಆಪರೇಶನ್ ಆಗಬೇಕು, ಸ್ವರ ಬದಲಾದರೂ ಆದೀತು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಸ್ವರ ಬದಲಾಯಿತು. ಮಾತು ಒಡೆದ ಬಿದಿರಿನ ಹಾಗೆ ಬರುತ್ತಿತ್ತು, ಮೇಲಿನ ಸ್ವರ ಹೋಗಿಯೇ ಬಿಟ್ಟಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಬಾತ್‌ರೂಮಿನ ನಲ್ಲಿ ತಿರುಗಿಸಿ ತುಂಬ ಹೊತ್ತು ಒಳಗಿದ್ದಳು. ನಾನು ಬಾಗಿಲಿಗೆ ಕಿವಿ ಇಟ್ಟೆ. ನೀರಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ. ಅಪ್ಪ ಅವಳನ್ನು ಚೆನ್ನಾಗಿಯೇ ನೋಡಿಕೊಂಡರು, ಗಂಜಿ ಮಾಡಿ ಕೊಟ್ಟರು, ತಲೆ ಬಾಚಿದರು. ಆದರೆ ದಿನಾ ಸಂಜೆ "ಏನಾದ್ರೂ ಹೇಳು ನೋಡುವ" ಎಂದು ಅವಳ ಸ್ವರ ಪರೀಕ್ಷೆ ಮಾಡುತ್ತಿದ್ದರು. ಅದು ಅವಳಿಗಾಗಿಯೋ ವಾರ್ಷಿಕೋತ್ಸವಕ್ಕಾಗಿಯೋ ಎಂದು ಅವಳಿಗೆ ಸಂಶಯ ಬಂದಿತ್ತು. ನನಗೂ ಬಂದಿತ್ತು.

ನನಗಾಗ ಹತ್ತೋ ಹನ್ನೊಂದೋ ವರ್ಷ. ಅಮ್ಮ ಸಂಜೆ ವಾಕಿಂಗ್ ಹೋದಾಗ ಅಪ್ಪ ನನ್ನನ್ನು ಹಾಲಿನಲ್ಲಿ ಕೂರಿಸಿ ಆ ಹಾಡು ಕಲಿಸಲು ಶುರು ಮಾಡಿದರು. ಕಲಿಸುವುದೇನು ಬಂತು, ನನಗೆ ಅದು ಹಾಲಿನ ಜೊತೆ ಇಳಿದ ಹಾಡು. ನನ್ನ ಸ್ವರ ಕೇಳಿ ಅಪ್ಪನ ಕಣ್ಣು ದೊಡ್ಡದಾಯಿತು. ಯಾವತ್ತೂ ನನ್ನ ಕಡೆ ಅಷ್ಟು ಹೊತ್ತು ನೋಡದ ಅಪ್ಪ ಆಗ ನನ್ನನ್ನೇ ನೋಡುತ್ತ, ನಾನು ಉಸಿರು ತೆಗೆದಲ್ಲೆಲ್ಲ ತಾನೂ ಉಸಿರು ತೆಗೆಯುತ್ತಿದ್ದರು. ನನಗೆ ಆಕಾಶಕ್ಕೆ ಮೂರೇ ಗೇಣು. ಒಂದು ಸಂಜೆ ಅಮ್ಮ ಬೇಗ ಬಂದಳು. ಮೆಟ್ಟಿಲಲ್ಲೇ ಕೇಳಿರಬೇಕು. ಚಪ್ಪಲಿ ಕಳಚಿ ಸೀದಾ ಅಡುಗೆಮನೆಗೆ ಹೋಗಿ ಮೀನು ಕಾಯಿಸಿದಳು. ಬಡಿಸುವಾಗ ಅಪ್ಪನ ತಟ್ಟೆಗೆ ಅನ್ನ ಹಾಕಿ, ಸೌಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಅವಳನ್ನು ಎಲ್ಲಿ ಕೂರಿಸ್ತೀರಿ?"

"ಎಲ್ಲಿ ಅಂದ್ರೆ? ನೀನು ಕೂತ್ಕೊಳ್ತಿದ್ದಲ್ಲಿ."

"ಪರದೆ ಹಿಂದೆ."

"ಮತ್ತೆ ಎದುರಿಗೆ ಕೂರಿಸ್ಲಿಕ್ಕಾಗ್ತದಾ? ನೀನೊಬ್ಳು! ಈ ಒಂದು ವರ್ಷ ಸುಗಂಧಿ. ಜನ ಕೇಳ್ತಾರೆ. ನಾನು ಎಂತ ಹೇಳುದು ಅವರಿಗೆ?"

"ನಿಜ ಹೇಳಿ."

"ಈಗ ಹೇಳಿದ್ರೆ ನನ್ನ ಮುಖಕ್ಕೆ ಉಗೀತಾರೆ. ಇಷ್ಟು ವರ್ಷ ನೀನೇ ಸುಮ್ಮನಿದ್ದಿ ಅಲ್ವಾ? ನಿನ್ನದೂ ಒಪ್ಪಿಗೆ ಇತ್ತಲ್ಲ?"

"ಇತ್ತು. ನನ್ನ ಸ್ವರಕ್ಕೆ ನಾನು ಒಪ್ಪಿದ್ದು. ಇವಳದಕ್ಕೆ ಒಪ್ಪುದಿಲ್ಲ."

ಅಪ್ಪ ಅನ್ನ ಕಲಸಿದ ಕೈಯಲ್ಲೇ ಎದ್ದು ಹೋದರು. ನಾನು "ಐ ವಾಂಟ್ ಟು ಸಿಂಗ್" ಎಂದೆ. ಶಾಲೆಯ ಚಾಳಿ, ಸಿಟ್ಟು ಬಂದಾಗ ಇಂಗ್ಲಿಷೇ ಬರುತ್ತಿತ್ತು. ಅಮ್ಮ ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಕಾರ್ಯಕ್ರಮದ ಹಿಂದಿನ ದಿನ ನನ್ನ ತಲೆಗೆ ಎಣ್ಣೆ ತಿಕ್ಕುತ್ತ, "ನಾಳೆ ನಿನಗೆ ಗಂಟಲು ನೋವು, ತಿಳೀತಾ?" ಎಂದಳು. ಬೆಳಗ್ಗೆ ಅಪ್ಪ "ಗಂಟಲು ಹೇಗುಂಟು ಮಗಾ?" ಎಂದಾಗ ನಾನು "ಚೆನ್ನಾಗುಂಟು" ಎಂದೆ. ನನಗೆ ಹಾಡಬೇಕಿತ್ತು, ಅಷ್ಟೇ. ಅಮ್ಮ ಆ ದಿನ ಅಪ್ಪನಿಗೆ ಸೀರೆ ಉಡಿಸಲಿಲ್ಲ. ಲ್ಯಾನ್ಸಿ ಅಂಕಲ್ ಹಾಲ್‌ನ ಗ್ರೀನ್ ರೂಮಿನಲ್ಲಿ ಹೇಗೋ ಸುತ್ತಿ ಬೆಲ್ಟ್ ಬಿಗಿದರು.

ಶುಕ್ರವಾರದ ಮಧ್ಯಾಹ್ನ, ಸಭೆ ತುಂಬಿತ್ತು. ಏನೇ ಆದರೂ ಹಾಡು ನಿಲ್ಲಿಸಬೇಡ, ದೀಪ ಹೋದರೂ ಹಾಡು ಎಂದು ಅಪ್ಪ ನನಗೆ ಕಟ್ಟಪ್ಪಣೆ ಮಾಡಿದ್ದರು. ಪಕ್ಕದ ಪರದೆಯ ಹಿಂದೆ ಕುರ್ಚಿಯ ಮೇಲೆ ಕೂತು ವೈರಿನ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕೀಬೋರ್ಡ್ ಶುರುವಾಯಿತು, ನಾನೂ ಶುರು ಮಾಡಿದೆ. 'ಬಾರಯ್ಯ' ಎಂದು ಮೇಲೆ ಹೋಗಿ ನಿಂತದ್ದೇ ಚಪ್ಪಾಳೆ, ಶಿಳ್ಳೆ. ಪರದೆಯ ಸಂದಿನಿಂದ ಅಪ್ಪನ ಬೆನ್ನು ಬಳುಕುವುದು ಕಾಣುತ್ತಿತ್ತು. ಅಷ್ಟರಲ್ಲಿ ನನ್ನ ರಟ್ಟೆಯನ್ನು ಯಾರೋ ಹಿಡಿದರು. ಅಮ್ಮ. ಮುಖದಲ್ಲಿ ಸಿಟ್ಟೂ ಇಲ್ಲ, ಗಾಬರಿಯೂ ಇಲ್ಲ. ಒಂದು ಕೈಯಲ್ಲಿ ಪರದೆ ಸರಿಸಿದಳು, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದು ನಡೆಸಿಕೊಂಡು ಹೋಗಿ ದೀಪದ ಬೆಳಕಿನ ನಡುವೆ, ಅಪ್ಪನ ಪಕ್ಕದಲ್ಲಿ ನಿಲ್ಲಿಸಿ, ತಾನು ಹಿಂದೆ ಸರಿದಳು. ಅಪ್ಪನ ಮಾತು ನೆನಪಿದ್ದುದರಿಂದ ನಾನು ಹಾಡುತ್ತಲೇ ಇದ್ದೆ. ಅಪ್ಪನೂ ಬಾಯಿ ಆಡಿಸುತ್ತಲೇ ಇದ್ದರು. ಒಂದು ಸ್ವರ, ಎರಡು ಬಾಯಿ. ಸಭೆಯ ಗಲಾಟೆ ನಿಂತು ಹೋಯಿತು. ಲ್ಯಾನ್ಸಿ ಅಂಕಲ್ ಕೀಬೋರ್ಡಿನಿಂದ ಕೈ ಎತ್ತಿದರು, ನನ್ನ ಹಾಡೂ ನಿಂತಿತು.

ಅಪ್ಪ ರಂಗದ ಮನುಷ್ಯ. ನನ್ನ ತಲೆಯ ಮೇಲೆ ಕೈಯಿಟ್ಟು, ಮೈಕ್ ತೆಗೆದುಕೊಂಡು ನಕ್ಕರು.

"ಇವಳು ನನ್ನ ಮಗಳು. ಈ ವರ್ಷ ನನ್ನ ಗಂಟಲು ಕೈಕೊಟ್ಟಿದೆ. ಹಾಗಾಗಿ ಇವಳಿಗೆ ಕಲಿಸಿದೆ. ನಿಮ್ಮ ಆಶೀರ್ವಾದ ಇರ್ಲಿ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ರಂಗದ ಬದಿಯಲ್ಲಿ ನಿಂತಿದ್ದ ಅಮ್ಮನನ್ನು ನೋಡಿದೆ. ಆ ಮುಖ ಓದುವುದನ್ನು ನಾನು ಕಲಿತಿದ್ದೆನಲ್ಲ. ನನಗೆ ತಡೆಯಲಾಗಲಿಲ್ಲ. ಅಪ್ಪನ ಕೈಯಲ್ಲಿದ್ದ ಮೈಕಿಗೆ ಬಾಯಿ ಚಾಚಿ ಹೇಳಿದೆ.

"ಅಪ್ಪ ಹಾಡುದಿಲ್ಲ. ಯಾವಾಗ್ಲೂ ಅಮ್ಮನೇ ಹಾಡುದು."

ಸಭೆ ಗೊಳ್ಳೆಂದು ನಕ್ಕಿತು. ಎಷ್ಟು ಮುದ್ದು ಮಗು, ಅಮ್ಮನನ್ನು ಬಿಟ್ಟುಕೊಡುವುದಿಲ್ಲ! ನಿರೂಪಕ ಓಡಿ ಬಂದ. "ಹೌದಾ? ಹಾಗಾದ್ರೆ ಅಮ್ಮನೂ ಎರಡು ಸಾಲು ಹೇಳ್ಲಿ. ಬನ್ನಿ ಅಕ್ಕ, ಬನ್ನಿ" ಎಂದ. ಅಮ್ಮ ಬರುವುದಿಲ್ಲ ಎಂದುಕೊಂಡೆ. ಅಪ್ಪನೂ ಹಾಗೆಯೇ ಎಂದುಕೊಂಡಿರಬೇಕು, ಕೈ ಅಡ್ಡ ಮಾಡಿ "ಬೇಡ, ಅವಳಿಗೆ ಹುಷಾರಿಲ್ಲ" ಎಂದರು. ಅಮ್ಮ ಬಂದಳು. ಇಷ್ಟು ವರ್ಷಗಳ ಹಾಡಿನಲ್ಲಿ ಮೊದಲ ಸಲ ಹಾಡಲೆಂದು ಬೆಳಕಿಗೆ ಬಂದಳು, ಸೆರಗನ್ನು ಕುತ್ತಿಗೆಯ ಗಾಯದ ಮೇಲೆ ಎಳೆದುಕೊಂಡಳು, ಮೈಕ್ ತೆಗೆದುಕೊಂಡಳು. ಲ್ಯಾನ್ಸಿ ಅಂಕಲ್ ಕೀಬೋರ್ಡಿನ ಮೇಲೆ ಕೈಯಿಡಲಿಲ್ಲ. ಅಮ್ಮ ಹಾಡಿದ್ದು ಅಜ್ಜಿಯ ಹಳೆಯ ನಿಧಾನದಲ್ಲಿ. ಒಡೆದ ಸ್ವರ, ಪ್ರತಿ ಪದಕ್ಕೂ ದಮ್ಮು ಕಟ್ಟಿ ತಳ್ಳಬೇಕಿತ್ತು. 'ಬಾರಯ್ಯ' ಎನ್ನುವಲ್ಲಿ ಸ್ವರ ಏರಲಿಲ್ಲ. ಕರಕರ ಎಂದು ಕಿತ್ತು ಹೋಯಿತು. ಅಮ್ಮ ಅಲ್ಲಿಗೆ ಬಿಡದೆ, ಎಷ್ಟು ಎತ್ತರಕ್ಕೆ ಹೋಯಿತೋ ಅಷ್ಟರಲ್ಲೇ ಅದನ್ನು ಹಿಡಿದು ನಿಲ್ಲಿಸಿ, ಎರಡನೇ ಸಾಲನ್ನೂ ಹೇಳಿ ಮುಗಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಉಳಿದವರು ಮರ್ಯಾದೆಗೆ ಚಪ್ಪಾಳೆ ತಟ್ಟಿದರು.

"ಈಗ ಗೊತ್ತಾಯ್ತಲ್ಲ," ಎಂದ ನಿರೂಪಕ, "ಆ ಮನೆಯಲ್ಲಿ ಹೆಣ್ಣಿನ ಸ್ವರ ಯಾರದ್ದು, ಗಂಡಿನ ಸ್ವರ ಯಾರದ್ದು ಅಂತ!"

ನಗು ಅಲೆ ಅಲೆಯಾಗಿ ಬಂತು. ಅಪ್ಪನಿಗೆ ಆಗ ಒಂದು ಮಾತು ಹೇಳಲು ಸಮಯವಿತ್ತು. ಮೈಕ್ ಅವರಿಂದ ಒಂದು ಮೊಳ ದೂರದಲ್ಲಿತ್ತು. ನಾನು ಅವರ ಮುಖ ನೋಡುತ್ತ ನಿಂತೆ, ಅಮ್ಮನೂ ನೋಡುತ್ತ ನಿಂತಳು. ಅಪ್ಪ ಸಭೆಗೆ ಕೈ ಮುಗಿದರು.

ವಾಪಸು ಬರುವಾಗ ಕಾರಿನಲ್ಲಿ ಅಪ್ಪ ಮುಖದ ಬಣ್ಣ ಪೂರ್ತಿ ತೆಗೆದಿರಲಿಲ್ಲ. ಸೀರೆ ಬಿಚ್ಚಿ ಪ್ಯಾಂಟು ಹಾಕಿದ್ದರು, ಹುಬ್ಬು ಮತ್ತು ತುಟಿ ಸರಸುವಿನದ್ದೇ ಇತ್ತು. ಅಮ್ಮ ಪಕ್ಕದ ಸೀಟಿನಲ್ಲಿ, ನಾನು ಹಿಂದೆ. ಹೊರಗೆ ಬಿಸಿಲು ಇನ್ನೂ ಬೆಳ್ಳಗಿತ್ತು. ಬಹಳ ದೂರ ಬಂದ ಮೇಲೆ ಅಪ್ಪ ಬಾಯಿ ಬಿಟ್ಟರು.

"ನಿನ್ನನ್ನು ನೋಡಿ ನಗಾಡಿದ್ರು ಸುಗಂಧಿ. ನನಗೆ ಎಷ್ಟು ಸಂಕಟ ಆಯ್ತು ಗೊತ್ತುಂಟಾ? ಇದೆಲ್ಲ ಬೇಕಿತ್ತಾ ನಿನಗೆ?"

"ನಗಾಡ್ಲಿ. ಅವರಿಗೆ ಗೊತ್ತಿಲ್ಲ, ನಗಾಡಿದ್ರು."

"ನಾನು ನಗಾಡ್ಲಿಲ್ಲ ಅಲ್ವಾ?"

"ಇಲ್ಲ. ನಾನು ನಿಮ್ಮ ಮಗ್ಗುಲಲ್ಲೇ ನಿಂತು ಹಾಡುವಾಗ ನೀವು ಬಾಯಿ ಆಡಿಸ್ತಿದ್ರಿ."

ನಾನೂ ಅದನ್ನು ನೋಡಿದ್ದೆ. ಆ ಒಡೆದ ಸ್ವರಕ್ಕೆ, ಅವಳು ಉಸಿರು ತೆಗೆದಲ್ಲಿ ಉಸಿರು ತೆಗೆದು, ಕಿತ್ತು ಹೋದಲ್ಲಿ ತುಟಿ ನಡುಗಿಸಿ, ಒಂದು ಅಕ್ಷರ ತಪ್ಪದ ಹಾಗೆ.

"ಅದು ಅಭ್ಯಾಸಬಲ ಮಾರಾಯ್ತಿ," ಎಂದರು ಅಪ್ಪ. ಸ್ವರ ಸಣ್ಣದಾಗಿತ್ತು. "ನನಗೆ ಗೊತ್ತೇ ಆಗ್ಲಿಲ್ಲ."

ಬೌಷರ್‌ಗೆ ತಿರುಗುವಲ್ಲಿ ಸಿಗ್ನಲ್ ಕೆಂಪಿತ್ತು. ಪಕ್ಕದಲ್ಲೊಂದು ಕಾರು ಬಂದು ನಿಂತಿತು, ಅದರಲ್ಲಿ ಅದೇ ಸಭೆಯಿಂದ ಹೊರಟ ಹುಡುಗರು. ಅಪ್ಪನ ಗುರುತು ಹಿಡಿದು ಹಾರ್ನ್ ಬಾರಿಸಿದರು. ಗಾಜು ಇಳಿಸಿ ಒಬ್ಬ "ವಾಮನಣ್ಣ! ಸೂಪರ್!" ಎಂದು ಕೂಗಿದ. ಅಪ್ಪನ ಕೈ ಸ್ಟೀರಿಂಗ್ ಬಿಟ್ಟು ಮೇಲೆದ್ದಿತು. ತುಟಿಯಲ್ಲಿ ನಗು ಬಂತು.

ಅಮ್ಮ ಬೆಲ್ಟ್ ತೆಗೆದಳು. ರಸ್ತೆಗೆ ಇಳಿದು, ಹಿಂದೆ ಬಂದು ನನ್ನ ಪಕ್ಕ ಕೂತಳು. ಅಪ್ಪ ತಿರುಗಿ ನೋಡಿದರು. ಎತ್ತಿದ ಕೈ ಇನ್ನೂ ಕೆಳಗಿಳಿದಿರಲಿಲ್ಲ. ಹಸಿರಾಯಿತು, ಹಿಂದಿನ ಗಾಡಿಗಳು ಬೊಬ್ಬೆ ಹೊಡೆಯತೊಡಗಿದವು.

"ನಡೀರಿ," ಎಂದಳು ಅಮ್ಮ.

ಅಪ್ಪ ಮತ್ತೆ ಸೀರೆ ಉಡಲಿಲ್ಲ. ಯಾರು ಕರೆದರೂ ಹೋಗಲಿಲ್ಲ. ಅಮ್ಮ ಮೊದಲಿನ ಹಾಗೆಯೇ ಅವರಿಗೆ ಬಡಿಸಿದಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕಿದಳು, ಅವರು ತಮಾಷೆ ಮಾಡಿದರೆ ಕೆಲವು ಸಲ ನಕ್ಕಳು ಕೂಡ. ಆದರೆ ಆ ಕಾರು ಮಾರುವವರೆಗೂ ಅವಳು ಮುಂದಿನ ಸೀಟಿನಲ್ಲಿ ಕೂರಲಿಲ್ಲ.